ಕೋಟೆಬಾಗಿಲಿನವಳ ಕವಚ

ಫೆಬ್ರವರಿ 6

ಪ್ರೀತಿಯ ದೊಡ್ಡಮ್ಮನಿಗೆ ಗುಬ್ಬಿಯ ನಮಸ್ಕಾರಗಳು.

ಫೋನು ಬಿಟ್ಟು ಕಾಗದ ಹಿಡಿದಿದ್ದೇನೆಂದು ಗಾಬರಿಯಾಗಬೇಡ. ಬಿಡುಗಡೆಗೆ ಮುಂಚೆ ನಮ್ಮ ಕಂಪ್ಯೂಟರ್ ಆಟದ ಹೊಸ ಭಾಗದ ಬಗ್ಗೆ ನಾವು ಯಾರೂ ತುಟಿ ಬಿಚ್ಚುವಂತಿಲ್ಲ. ಕಂಪನಿ ಕೊಟ್ಟ ಫೋನಿನಲ್ಲಿ ಕಂಪನಿಯ ಕಿವಿಯೂ ಇರುತ್ತದೆ. ಅಂಚೆಯವನ ಚೀಲದೊಳಗೆ ಮಾತ್ರ ಅವರು ಇನ್ನೂ ಇಣುಕಿಲ್ಲ. ಅಮ್ಮನಿಗೂ ಹೇಳಿಲ್ಲ, ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಆರು ವರ್ಷ ಬೇರೆಯವರು ಬರೆದ ಚಿತ್ರ ತಿದ್ದಿದ ಮೇಲೆ ಈಗ ಒಂದು ಇಡೀ ಪಾತ್ರ ನನ್ನ ಕೈಗೆ ಬಂದಿದೆ. ನಮ್ಮದು ಲಕ್ಷಾಂತರ ಜನ ಕಂಪ್ಯೂಟರಿನ ಮುಂದೆ ಕೂತು ಒಟ್ಟಿಗೆ ಆಡುವ ಆಟ. ರಾಜ್ಯ, ಕೋಟೆ, ರಾಕ್ಷಸರು, ಮಾಟಗಾರರು ಎಲ್ಲ ಇದ್ದಾರೆ. ಜೂನ್ ಒಂದಕ್ಕೆ ಅದರಲ್ಲಿ ಹೊಸ ಕೋಟೆಯೊಂದು ತೆರೆಯುತ್ತದೆ. ಒಳಗೆ ಬರುವ ಪ್ರತಿಯೊಬ್ಬರೂ ಮೊದಲು ನೋಡುವುದು ಬಾಗಿಲು ಕಾಯುವ ದಳಪತಿಯನ್ನು. ಅವಳು ಹೆಂಗಸು. ನಲವತ್ತು ದಾಟಿದವಳು, ಇಪ್ಪತ್ತು ವರ್ಷ ಯುದ್ಧ ಮಾಡಿದವಳು. ಅವಳಿಗೆ ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಕವಚ ತೊಡಿಸುತ್ತಿದ್ದೇನೆ. ಹಾಗೆ ತೊಟ್ಟ ಹೆಂಗಸು ನಮ್ಮ ಆಟದಲ್ಲಿ ಇದುವರೆಗೆ ಒಬ್ಬಳೂ ಇಲ್ಲ.

ಇವಳು ಹೀಗೆಯೇ ಬಾಗಿಲಲ್ಲಿ ನಿಲ್ಲಬೇಕು. ನನಗೆ ಬೇರೇನೂ ಬೇಡ. ಬೆಂಕಿ ಆರಿಸುವವರ ಕೋಟನ್ನು ಮೂವತ್ತೊಂದು ವರ್ಷ ಹೊಲಿದವಳು ನೀನು. ಮೈ ಕಾಯುವ ಬಟ್ಟೆ ಹೆಂಗಸಿನ ಮೈಮೇಲೆ ಹೇಗೆ ಕೂರಬೇಕು, ಎಲ್ಲಿ ಬಿರಿಯುತ್ತದೆ, ಬಿಡಿಸಿ ಬರಿ.

ನಿನ್ನ
ಗುಬ್ಬಿ

ಫೆಬ್ರವರಿ 15

ಗುಬ್ಬಿ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೂರನೆಯ ಸಲ ಎದ್ದು ನಿಂತು ಓದಿದೆ.

ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಹುಟ್ಟುವ ಮುಂಚಿನ ಮಾತು. ಒಂದು ವರ್ಷ ನಮ್ಮ ಕಾರ್ಖಾನೆಗೆ ಸುರಕ್ಷತೆಯ ಭಿತ್ತಿಪತ್ರ ಬಂತು. ಬೆಸುಗೆಯ ಕನ್ನಡಕ ಹಾಕಿ, ದಪ್ಪ ಕೈಗವಸು ತೊಟ್ಟ ಹುಡುಗಿ. ಮಿಕ್ಕ ಮೈಮೇಲೆ ಈಜುಡುಗೆ! ಕೆಳಗೆ ‘ಎಚ್ಚರವಿರಲಿ’ ಅಂತ ಬರೆದಿತ್ತು. ನಾನು ಹೋಗಿ ಮ್ಯಾನೇಜರನ್ನು ಕೇಳಿದೆ. ‘ಗಂಡಸರು ನಿಂತು ಓದ್ಲಿ ಅಂತ ಕಣಮ್ಮಾ’ ಅಂದ. ‘ನಿಂತು ಓದಿದವರು ಯಾರಾದ್ರೂ ಕನ್ನಡಕ ಹಾಕ್ಕೊಂಡ್ರಾ?’ ಅಂದೆ. ಅವನು ಹಲ್ಲು ಬಿಟ್ಟ. ಅದಾದ ಮೇಲೆ ಟೈರಿನ ಕ್ಯಾಲೆಂಡರು ನೋಡಿದ್ದೇನೆ, ನೀರಿನ ಪಂಪಿನ ಜಾಹೀರಾತು ನೋಡಿದ್ದೇನೆ, ಸಿಮೆಂಟಿನದೂ ನೋಡಿದ್ದೇನೆ. ಪಂಪು ನೀರೆತ್ತಲು ಸೀರೆಯ ಸೆರಗು ಯಾಕೆ ಜಾರಬೇಕೆಂದು ನಲವತ್ತು ವರ್ಷದಿಂದ ಪತ್ರಿಕೆಗಳಿಗೆ ಬರೆದು ಕೇಳುತ್ತಿದ್ದೇನೆ. ಯಾರೂ ಉತ್ತರ ಕೊಟ್ಟಿಲ್ಲ. ಈಗ ನೀನು ಕೊಡುತ್ತಿದ್ದೀಯ.

ಇನ್ನು ಕೆಲಸದ ಮಾತು. ಎದೆಗವಚಕ್ಕೆ ಎರಡು ಬಟ್ಟಲು ಕೂರಿಸಲೇಬೇಡ. ನಡುವೆ ಕಣಿವೆಯಾಗುತ್ತದೆ. ಅತ್ತಿತ್ತ ಬಿದ್ದ ಕತ್ತಿಯ ತುದಿ ಜಾರಿಕೊಂಡು ಬಂದು ನೆಟ್ಟಗೆ ಎದೆಮೂಳೆಯ ಮೇಲೆ ನಿಲ್ಲುತ್ತದೆ. ಒಂದೇ ಉಬ್ಬು ಇರಲಿ, ಏಟು ಆಚೆಗೆ ಜಾರಿಹೋಗಲಿ. ಒಳಗೆ ದಪ್ಪ ಬಟ್ಟೆಯ ಅಂಗಿ ಇರಬೇಕು, ಇಲ್ಲದಿದ್ದರೆ ತಗಡು ಮೈ ತರಿಯುತ್ತದೆ. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಇಲ್ಲೆಲ್ಲ ಸಣ್ಣ ಉಂಗುರಗಳ ಬಲೆ ಹಾಕು.

ಆಮೇಲೆ ನಮ್ಮ ಐದು ಪರೀಕ್ಷೆ ಮಾಡು. ರಜೆಗೆ ಬಂದಾಗಲೆಲ್ಲ ನನ್ನ ಜೊತೆ ದೊಡ್ಡವರ ಕೋಟು ತೊಟ್ಟು ಮಾಡುತ್ತಿದ್ದೆಯಲ್ಲ, ಅದೇ. ಕೂರಬೇಕು, ಬಗ್ಗಬೇಕು, ಎರಡೂ ಕೈ ಎತ್ತಬೇಕು, ಸ್ಟೂಲು ಹತ್ತಬೇಕು, ಬಿದ್ದು ಏಳಬೇಕು. ಐದರಲ್ಲಿ ಎಲ್ಲಾದರೂ ಒಂದು ಬೆರಳಗಲ ಮೈ ಕಂಡರೆ ಆ ಕೋಟು ವಾಪಸ್. ಹನ್ನೆರಡು ವರ್ಷ ತಪಾಸಣೆಯ ಮುದ್ರೆ ನನ್ನ ಕೈಯಲ್ಲಿತ್ತು. ನನ್ನ ಕಣ್ಣು ತಪ್ಪಿಸಿ ಒಂದು ಗುಂಡಿಯೂ ಹೊರಗೆ ಹೋಗುತ್ತಿರಲಿಲ್ಲ.

ದೊಡ್ಡಮ್ಮ

ಮಾರ್ಚ್ 9

ದೊಡ್ಡಮ್ಮಾ,

ತಡವಾಯಿತು, ಬೈಯಬೇಡ. ಕೆಲಸ ಕುತ್ತಿಗೆಗೆ ಬಂದಿದೆ.

ನೀನು ಹೇಳಿದಂತೆ ಒಂದೇ ಉಬ್ಬಿನ ಎದೆಗವಚ ಮಾಡಿದೆ. ಐದು ಪರೀಕ್ಷೆಯಲ್ಲೂ ಪಾಸು. ವಿಭಾಗದವರೆಲ್ಲ ಬಂದು ನೋಡಿ ಹೋದರು. ನಮ್ಮ ಮುಖ್ಯಸ್ಥರೂ ಬಂದರು. ಅವರಿಗೆ ನಾವು ಇಟ್ಟಿರುವ ಹೆಸರು ಕತ್ತರಿ ಸರ್, ಯಾವ ಚಿತ್ರ ತೋರಿಸಿದರೂ ಏನಾದರೊಂದು ಕತ್ತರಿಸಿಯೇ ಕಳಿಸುವುದರಿಂದ.

‘ಚೆನ್ನಾಗಿದೆ ಕಣ್ರೀ. ಆದ್ರೆ ದೂರದಿಂದ ನೋಡಿದ್ರೆ ಇವಳು ಹೆಂಗಸು ಅಂತ ಗೊತ್ತಾಗ್ಬೇಕಲ್ಲ?’ ಅಂದರು.

‘ಯಾಕೆ ಸರ್? ಹತ್ತಿರ ಬಂದು ಮಾತಾಡಿಸಿದ್ರೆ ಗೊತ್ತಾಗುತ್ತೆ’ ಅಂದೆ.

‘ಹತ್ತಿರ ಬರಬೇಕು ಅನ್ಸೋದೇ ದೂರದಿಂದ ಕಂಡಿದ್ದಕ್ಕೆ ತಾನೇ?’ ಅಂದು ನಕ್ಕರು. ಸುತ್ತಲಿದ್ದವರೂ ನಕ್ಕರು. ಸಣ್ಣಪುಟ್ಟ ತಿದ್ದುಪಡಿ ಹೇಳಿದ್ದಾರೆ. ಎಲ್ಲ ಸರಿಹೋಗುತ್ತದೆ.

ಮಂಡಿನೋವು ಹೇಗಿದೆ? ಅದರ ಬಗ್ಗೆ ಒಂದಕ್ಷರವೂ ಬರೆದಿಲ್ಲ ನೀನು.

ಗುಬ್ಬಿ

ಮಾರ್ಚ್ 21

ಗುಬ್ಬಿ,

ಮಂಡಿಯ ಮಾತು ಬಿಡು. ನಾನು ನಿನ್ನ ಆಟ ಆಡಿದೆ!

ಕೆಳಗಿನ ಮನೆಯ ಹಲ್ಲಿನ ಡಾಕ್ಟರಮ್ಮನಿಗೆ ಐವತ್ತೆರಡು ವರ್ಷ. ಹಗಲೆಲ್ಲ ಜನರ ಹಲ್ಲು ಕಿತ್ತು, ಸಂಜೆ ಆರಕ್ಕೆ ಬಂದು ಕಂಪ್ಯೂಟರಿನಲ್ಲಿ ರಾಕ್ಷಸರ ಹಲ್ಲು ಕೀಳುತ್ತಾಳೆ. ನಿನ್ನ ಆಟವೇ. ಹೋಗಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ.

‘ಅಕ್ಕಾ, ಹೆಂಗಸಿನ ಪಾತ್ರ ತಗೋಬೇಡಿ. ನನ್ನ ನೋಡಿ, ಗಡ್ಡ ಬಿಟ್ಕೊಂಡು ಆರಾಮಾಗಿದೀನಿ’ ಅಂದಳು.

‘ಅದ್ಯಾಕಮ್ಮಾ?’

‘ಮೊದಲು ಹೆಂಗಸಾಗೇ ಆಡ್ತಿದ್ದೆ. ದಾರೀಲಿ ಹೋಗೋರೆಲ್ಲ ನಿಂತು ಬಗ್ಗಿ ಬಗ್ಗಿ ನೋಡೋರು. ಒಬ್ಬ ಅಂತೂ ಅರ್ಧ ಗಂಟೆ ಬೆನ್ನ ಹಿಂದೇನೇ ಬಂದ. ರಾಕ್ಷಸನ ಕೈಲಿ ಸತ್ರೂ ಪರವಾಗಿಲ್ಲ, ಇವರ ಕಾಟ ಬೇಡಪ್ಪಾ ಅಂತ ಗಂಡಸಾದೆ.’

ನಾನು ಕೇಳುತ್ತೇನೆಯೇ? ಹೆಂಗಸೇ ಆದೆ. ಆಟದ ಅಂಗಡಿಗೆ ಹೋಗಿ ಉಕ್ಕಿನ ಕವಚ ಕೊಂಡೆವು. ಇಬ್ಬರದೂ ಒಂದೇ ಸರಕು. ‘ರಕ್ಷಣೆ ಎಂಬತ್ತನಾಲ್ಕು’ ಅಂತ ಎರಡಕ್ಕೂ ಬರೆದಿದೆ. ಅವಳ ಗಡ್ಡದವನು ತೊಟ್ಟರೆ ಕಣ್ಣು ಬಿಟ್ಟು ಬೇರೇನೂ ಕಾಣದು. ಅದನ್ನೇ ನನ್ನವಳು ತೊಟ್ಟಳು. ಎದೆಗೆರಡು ಎಲೆ, ಸೊಂಟಕ್ಕೊಂದು ಪಟ್ಟಿ, ಮಂಡಿಯವರೆಗೆ ಬೂಟು, ಅಷ್ಟೇ! ಕತ್ತಿಯೇಟನ್ನು ಎಂಬತ್ತನಾಲ್ಕರಷ್ಟು ತಡೆಯುವುದು ಯಾವುದು, ಹೊಕ್ಕುಳವೇ? ಆ ವೇಷದಲ್ಲಿ ಹಿಮದ ಬೆಟ್ಟ ಹತ್ತಬೇಕಂತೆ. ನೋಡುತ್ತ ಕೂತ ನನಗೇ ಶಾಲು ಹೊದೆಯಬೇಕೆನಿಸಿತು.

ಮೈಯೆಲ್ಲ ಉರಿದುಹೋಯಿತು. ಆದರೆ ನಾನು ಕೆಲಸ ಬಲ್ಲವಳು, ಒಂದು ಮಾತು ಹೇಳಲೇಬೇಕು. ಆ ಅಷ್ಟೇ ಅಷ್ಟು ತಗಡಿನ ಜೋಡಣೆ ಅದ್ಭುತ. ಬಗ್ಗಿಸಿದೆ, ಕೈ ಎತ್ತಿಸಿದೆ, ಹಾರಿಸಿದೆ. ಒಂದು ಅಂಚೂ ಮೈಯೊಳಗೆ ನುಗ್ಗುವುದಿಲ್ಲ, ಒಂದು ಕೊಂಡಿಯೂ ಅಲುಗುವುದಿಲ್ಲ. ಕಸುಬು ಕಲಿತ ಕೈ. ಏನೂ ಗೊತ್ತಿಲ್ಲದ ಪೆದ್ದ ಮಾಡಿದ್ದರೆ ಕ್ಷಮಿಸಬಹುದಿತ್ತು. ಮೈ ಹೇಗೆ ಚಲಿಸುತ್ತದೆಂದು ಇಷ್ಟು ಚೆನ್ನಾಗಿ ಬಲ್ಲವನು ಆ ತಿಳಿವಳಿಕೆಯನ್ನು ಹೀಗೆ ಮಾರಿಕೊಂಡಿದ್ದಾನಲ್ಲ, ಅವನಿಗೆ ಕ್ಷಮೆಯಿಲ್ಲ. ನಿಮ್ಮಲ್ಲಿ ಆ ಮಹಾನುಭಾವ ಯಾರು? ವಿಚಾರಿಸಿ ಬರಿ.

ದೊಡ್ಡಮ್ಮ

ಏಪ್ರಿಲ್ 8

ಗುಬ್ಬಿ,

ಹದಿನೆಂಟು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಫೋನು ಮಾಡಿದರೆ ‘ಮೀಟಿಂಗು’ ಅನ್ನುತ್ತೀಯ.

ಇರಲಿ, ಸಂತೋಷದ ಸುದ್ದಿ ಹೇಳುತ್ತೇನೆ. ಜೊತೆಗೆ ಪತ್ರಿಕೆಯ ತುಣುಕು ಇಟ್ಟಿದ್ದೇನೆ. ಓದುಗರ ಪತ್ರಗಳಲ್ಲಿ ನನ್ನದೇ ಮೊದಲನೆಯದು, ಎರಡು ಕಾಲಂ! ಉಕ್ಕಿನ ಕವಚದ ಕಥೆ ಪೂರ್ತಿ ಬರೆದಿದ್ದೇನೆ. ಬರೀ ಬೈಗುಳವಾಗಬಾರದೆಂದು ಕೊನೆಗೆ ನಿನ್ನದೂ ಸೇರಿಸಿದೆ: ‘ಜೂನಿನಲ್ಲಿ ತೆರೆಯುವ ಕೋಟೆಯ ಬಾಗಿಲಲ್ಲಿ ಮೈತುಂಬ ಕವಚ ತೊಟ್ಟ ದಳಪತಿ ನಿಲ್ಲಲಿದ್ದಾಳೆ. ಅವಳನ್ನು ರೂಪಿಸಿದವಳು ನನ್ನ ಮನೆಯ ಹುಡುಗಿ.’ ನಿನ್ನ ಹೆಸರು ಹಾಕಿಲ್ಲ, ಕಂಪನಿಯದೂ ಹಾಕಿಲ್ಲ. ಡಾಕ್ಟರಮ್ಮ ಹತ್ತು ಪ್ರತಿ ತಂದು ತನ್ನ ದವಾಖಾನೆಯಲ್ಲಿ ಹಲ್ಲುನೋವಿನವರಿಗೆಲ್ಲ ಹಂಚಿದ್ದಾಳೆ.

ದೊಡ್ಡಮ್ಮ

ಏಪ್ರಿಲ್ 19

ದೊಡ್ಡಮ್ಮಾ,

ನಿನ್ನನ್ನು ನಂಬಿ ಹೇಳಿದ್ದೆ. ನೀನು ಊರಿಗೆಲ್ಲ ಡಂಗುರ ಹೊಡೆದೆ. ಯಾರಿಗೂ ಹೇಳಬಾರದು ಎಂದರೆ ಪತ್ರಿಕೆಗೂ ಹೇಳಬಾರದು ಅಂತ ಬಿಡಿಸಿ ಬರೆಯಬೇಕಿತ್ತೇನೋ.

ಯಾರೋ ಆ ತುಣುಕಿನ ಫೋಟೋ ತೆಗೆದು ಆಟಗಾರರ ಗುಂಪಿಗೆ ಹಾಕಿದ್ದಾರೆ. ಅರ್ಧ ಜನ ‘ಇನ್ನು ಮೇಲೆ ಎಣ್ಣೆಡಬ್ಬ ಬಾಗಿಲು ಕಾಯುತ್ತಂತೆ’ ಎಂದು ಲೇವಡಿ ಮಾಡುತ್ತಿದ್ದಾರೆ. ಇನ್ನರ್ಧ ‘ಕೊನೆಗೂ ಬುದ್ಧಿ ಬಂತು’ ಅನ್ನುತ್ತಿದ್ದಾರೆ. ಕತ್ತರಿ ಸರ್ ಎಲ್ಲರನ್ನೂ ಸೇರಿಸಿ ಗಟ್ಟಿಯಾಗಿ ಓದಿದರು. ‘ಯಾರಪ್ಪಾ ಇದು, ನನ್ನ ಮನೆಯ ಹುಡುಗಿ?’ ವಿಭಾಗದಲ್ಲಿ ಹುಡುಗಿಯರಿರುವುದು ಮೂರು ಜನ. ನಾನೇ ಎದ್ದು ನಿಂತೆ. ಎಲ್ಲರೂ ಹೋದ ಮೇಲೆ ಹೇಳಿದರು: ‘ಬೇರೆಯವರಾಗಿದ್ರೆ ಇವತ್ತೇ ಮನೆಗೆ ಕಳಿಸ್ತಿದ್ದೆ. ನಿಮ್ಮ ಕೈ ಬೇಕು ಅಂತ ಸುಮ್ಮನಿದೀನಿ.’

ಯಾವ ಕೈ ಗೊತ್ತೇ? ನೀನು ಕೇಳಿದ್ದೆಯಲ್ಲ, ಆ ಮಹಾನುಭಾವ ಯಾರು ಅಂತ. ನಾನು. ಉಕ್ಕಿನ ಕವಚದ ಎರಡು ಎಲೆ ನನ್ನವು. ನಮ್ಮಲ್ಲಿ ಪ್ರತಿ ಕವಚವನ್ನೂ ಮೊದಲು ಗಂಡಸಿನ ಮೈಗೆ ಬರೆಯುತ್ತಾರೆ. ಆಮೇಲೆ ಅದು ನನ್ನ ಮೇಜಿಗೆ ಬರುತ್ತದೆ. ಹೆಂಗಸಿನ ಮೈಗೆ ‘ಇಳಿಸುವುದು’ ನನ್ನ ಕೆಲಸ. ಆರು ವರ್ಷದಲ್ಲಿ ನೂರ ಹನ್ನೆರಡು ಇಳಿಸಿದ್ದೇನೆ. ಬೇರೆಯವರು ಕತ್ತರಿಸಿದರೆ ಕೈ ಎತ್ತಿದ ಕೂಡಲೇ ತಗಡು ಮಾಂಸದೊಳಗೆ ನುಗ್ಗುತ್ತದೆ. ನಾನು ಕತ್ತರಿಸಿದರೆ ನುಗ್ಗುವುದಿಲ್ಲ. ಯಾಕೆಂದರೆ ನನಗೆ ಐದು ಪರೀಕ್ಷೆ ಗೊತ್ತು. ಎಲ್ಲಿ ಮುಚ್ಚಬೇಕೆಂದು ನೀನು ಕಲಿಸಿದೆ. ಎಷ್ಟು ಮುಚ್ಚದಿದ್ದರೂ ನಡೆಯುತ್ತದೆಂದು ಅದರಿಂದಲೇ ಲೆಕ್ಕ ಹಾಕಿದೆ.

ಇನ್ನೊಂದಿದೆ. ದಳಪತಿಯನ್ನೂ ನಾನೇ ಇಳಿಸಿದೆ, ಮಾರ್ಚ್ ಆರಕ್ಕೆ. ‘ಎಲ್ಲ ಸರಿಹೋಗುತ್ತದೆ’ ಎಂದು ನಿನಗೆ ಬರೆದಾಗ ಅವಳ ಹೊಟ್ಟೆಯ ತಗಡು, ತೊಡೆಯ ತಗಡು ಹೋಗಿ ಮೂರು ದಿನವಾಗಿತ್ತು. ಮೇ ಇಪ್ಪತ್ತಕ್ಕೆ ಕೊನೆಯ ಫೈಲು ಒಪ್ಪಿಸಬೇಕು. ನಿನ್ನ ಪತ್ರಿಕೆಯಲ್ಲಿ ಬಂದಿದ್ದು ಸುಳ್ಳು, ದೊಡ್ಡಮ್ಮಾ. ಆ ಸುಳ್ಳು ನಿನ್ನದಲ್ಲ, ನನ್ನದು.

ಇದಕ್ಕೆ ಉತ್ತರ ಬರೆಯದಿದ್ದರೂ ಸರಿ.

ಗುಬ್ಬಿ

ಏಪ್ರಿಲ್ 30

ಗುಬ್ಬಿ,

ಮೊದಲ ದಿನ ನಿನ್ನ ಮೇಲೆ ಸಿಟ್ಟು ಬಂತು. ಎರಡನೆಯ ದಿನ ಪತ್ರಿಕೆಗೆ ಕೊಟ್ಟ ನನ್ನ ಕೈಯ ಮೇಲೆ ಬಂತು. ತಪ್ಪು ನನ್ನದು, ಹೆಮ್ಮೆಯಿಂದ ಬಾಯಿ ಜಾರಿತು. ಮೂರನೆಯ ದಿನದಿಂದ ಈ ಪತ್ರ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ಇದು ಐದನೆಯದು. ಇದನ್ನು ಹೇಗಿದೆಯೋ ಹಾಗೇ ಕಳಿಸುತ್ತೇನೆ.

ಅಗ್ನಿಶಾಮಕ ದಳಕ್ಕೆ ಹೆಂಗಸರನ್ನು ಮೊದಲ ಸಲ ಸೇರಿಸಿಕೊಂಡಾಗ ನಮಗೆ ಹನ್ನೊಂದು ಕೋಟಿನ ಆರ್ಡರು ಬಂತು. ಹನ್ನೊಂದಕ್ಕೆ ಹೊಸ ಅಳತೆ ಯಾಕೆಂದು ಗಂಡಸರ ಕೋಟನ್ನೇ ಸಣ್ಣದಾಗಿ ಕತ್ತರಿಸಿದರು. ನಾನು ತೊಟ್ಟು ನೋಡಿದೆ. ಕೂತೆ, ಬಗ್ಗಿದೆ. ಕೈ ಎತ್ತಿದಾಗ ಎದೆಯ ಬಳಿ ಬಿಗಿದು ಕೋಟು ಮೇಲಕ್ಕೆ ಸರಿಯಿತು. ಸೊಂಟದ ಸುತ್ತ ನಾಲ್ಕು ಬೆರಳಗಲ ಮೈ ಕಂಡಿತು. ಮ್ಯಾನೇಜರಿಗೆ ಹೇಳಿದೆ. ‘ಅವರು ಕಚೇರೀಲಿ ಕೂತಿರ್ತಾರೆ ಕಣಮ್ಮಾ, ಬೆಂಕಿಗೆ ಯಾರು ಕಳಿಸ್ತಾರೆ? ಒತ್ತು ಮುದ್ರೆ’ ಅಂದ. ಒತ್ತಿದೆ. ಹನ್ನೊಂದು ಸಲ.

ಎಂಟು ತಿಂಗಳಿಗೆ ಒಂದು ಗೋದಾಮಿಗೆ ಬೆಂಕಿ ಬಿತ್ತು. ಆ ಹನ್ನೊಂದು ಜನರಲ್ಲಿ ಒಬ್ಬಳು ನೀರಿನ ಕೊಳವೆಯನ್ನು ತಲೆಯ ಮೇಲೆತ್ತಿ ಹಿಡಿದಿದ್ದಳಂತೆ. ಬದುಕಿದಳು. ಸೊಂಟದ ಸುತ್ತ ಪಟ್ಟಿ ಕಟ್ಟಿದ ಹಾಗೆ ಸುಟ್ಟಿತ್ತು. ಆಸ್ಪತ್ರೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಕಣ್ಣು ಮಂದವಾಯಿತೆಂದು ಕೆಲಸ ಬಿಟ್ಟೆ ಅಂತ ನಿಮಗೆಲ್ಲ ಹೇಳಿದ್ದೇನಲ್ಲ, ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ.

ನಿನ್ನ ದಳಪತಿ ಚಿತ್ರದ ಬೊಂಬೆ, ಅವಳಿಗೆ ಸುಡುವುದಿಲ್ಲ. ಆದರೂ ಡಾಕ್ಟರಮ್ಮನಂಥವಳು ಸಂಜೆಯ ಎರಡು ಗಂಟೆ ಆಟಕ್ಕೂ ಗಡ್ಡ ಅಂಟಿಸಿಕೊಂಡು ಕೂರುವಂತಾಗಿದೆ.

ನಿನಗೆ ಉಪದೇಶ ಮಾಡುವ ಮುಖ ನನಗಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ. ನಾನು ಮುದ್ರೆ ಒತ್ತಿಯಾಗಿತ್ತು. ನಿನಗೆ ಇನ್ನೂ ಇಪ್ಪತ್ತು ದಿನ ಇದೆ.

ದೊಡ್ಡಮ್ಮ

ಮೇ 21

ದೊಡ್ಡಮ್ಮಾ,

ನಿನ್ನೆ ಹನ್ನೊಂದು ಗಂಟೆಗೆ ಒಪ್ಪಿಸಿದೆ.

ಕತ್ತರಿ ಸರ್ ಫೈಲು ತೆರೆದರು. ‘ಇದು ಹಳೇದಲ್ವಾ? ತಿದ್ದಿದ್ದೆಲ್ಲಿ?’

‘ಅಳಿಸಿದೆ ಸರ್.’

‘ಅಳಿಸಿದ್ರಾ! ಸರಿ, ಇನ್ನೊಂದ್ಸಲ ಮಾಡಿ. ನಿಮಗೆ ಎರಡು ದಿನದ ಕೆಲಸ.’

‘ಆಗಲ್ಲ ಸರ್.’

‘ಆಗಲ್ವೋ, ಮಾಡಲ್ವೋ?’

‘ಮಾಡಲ್ಲ. ಕತ್ತರಿಸಲೇಬೇಕು ಅಂದ್ರೆ ನೀವೇ ಕತ್ತರಿಸಿ.’

ಅವರು ಚಿತ್ರದ ಪೆನ್ನು ಕೆಳಗಿಟ್ಟು ಒಂಬತ್ತು ವರ್ಷವಾಗಿದೆ. ನನ್ನ ಮುಖ ನೋಡಿದರು. ಬೈಯಲಿಲ್ಲ, ಅದೇ ಹೆದರಿಕೆ. ‘ಹೊರಗಿರಿ’ ಅಂದರು. ದಳಪತಿಯನ್ನು ಇನ್ನಿಬ್ಬರಿಗೆ ಕೊಟ್ಟಿದ್ದಾರೆ. ಹನ್ನೊಂದು ದಿನ ಉಳಿದಿದೆ. ನನಗೆ ಮೇಜು ಇದೆ, ಕೆಲಸ ಇಲ್ಲ. ಇಡೀ ದಿನ ಅವರಿಬ್ಬರ ಬೆನ್ನು ನೋಡುತ್ತ ಕೂತಿದ್ದೇನೆ.

ಗುಬ್ಬಿ

ಜೂನ್ 3

ಗುಬ್ಬಿ,

ಒಂದನೆಯ ತಾರೀಖು ಡಾಕ್ಟರಮ್ಮ ದವಾಖಾನೆಗೆ ಬಾಗಿಲು ಹಾಕಿ ಬಂದಳು. ಇಬ್ಬರೂ ಕೋಟೆಗೆ ಹೋದೆವು. ನಿಂತಿದ್ದಾಳೆ! ಕುತ್ತಿಗೆಯಿಂದ ಹಿಮ್ಮಡಿಯವರೆಗೆ. ಸುತ್ತ ಸಂತೆಯಷ್ಟು ಜನ. ‘ಒಳಗೆ ಯಾರಾದರೂ ಇದ್ದೀರಾ?’ ಅಂತ ಒಬ್ಬ ಪರದೆಯ ಮೇಲೆ ಬರೆದ. ಇನ್ನೊಬ್ಬ ಅವಳ ಸುತ್ತ ಮೂರು ಸುತ್ತು ಹಾಕಿ, ಏನೂ ಕಾಣದೆ, ಬಂದ ದಾರಿಗೆ ಸುಂಕವಿಲ್ಲದವನ ಹಾಗೆ ಹೋದ.

ಏನು ನಡೆಯಿತು? ನಿನ್ನ ಕೆಲಸ ಇದೆಯೋ ಹೋಯಿತೋ? ತಕ್ಷಣ ಬರಿ.

ದೊಡ್ಡಮ್ಮ

ಜೂನ್ 10

ದೊಡ್ಡಮ್ಮಾ,

ಅವರಿಬ್ಬರೂ ಕೈಲಾದಷ್ಟು ಕತ್ತರಿಸಿ ನೋಡಿದರು. ದಳಪತಿ ಈಟಿ ಎತ್ತಿದಾಗಲೆಲ್ಲ ಭುಜದ ತಗಡು ಗಲ್ಲದೊಳಗೆ ಹೊಕ್ಕು ಆಚೆ ಕಿವಿಯಿಂದ ಹೊರಬರುತ್ತಿತ್ತು. ಸರಿಮಾಡುವಷ್ಟರಲ್ಲಿ ಮೇ ಮುಗಿಯಿತು. ಬೇರೆ ದಾರಿಯಿಲ್ಲದೆ ನನ್ನದನ್ನೇ ಬಿಟ್ಟರು. ಈಗ ಹೊರಗೆಲ್ಲ ‘ಇದು ನಮ್ಮ ಹೊಸ ಆಲೋಚನೆ’ ಅಂತ ಹೇಳಿಕೊಳ್ಳುತ್ತಿದ್ದಾರೆ.

ನನ್ನನ್ನು ಗೋಡೆ ವಿಭಾಗಕ್ಕೆ ಹಾಕಿದ್ದಾರೆ. ಕಲ್ಲು, ಮೆಟ್ಟಿಲು, ಪಾಚಿ ಬರೆಯುತ್ತೇನೆ. ಸಂಬಳ ಅಷ್ಟೇ ಇದೆ. ಅಳಬೇಡ, ನಾನೂ ಅಳುತ್ತಿಲ್ಲ. ಆದರೆ ನೂರ ಹನ್ನೆರಡು ಹಾಗೇ ಇವೆ. ಅವನ್ನು ಮುಟ್ಟುವ ಅಧಿಕಾರ ಈಗ ನನಗಿಲ್ಲ.

ನಿನ್ನೆ ನನ್ನ ಹಳೆಯ ಕುರ್ಚಿಗೆ ಬಂದವಳು ಹುಡುಕಿಕೊಂಡು ಬಂದಳು. ಮೂವತ್ತೆಂಟು ವರ್ಷ, ಇಬ್ಬರು ಮಕ್ಕಳು, ಎರಡು ವರ್ಷ ಕೆಲಸವಿಲ್ಲದೆ ಇದ್ದವಳು. ‘ನಿಮ್ಮ ಹಾಗೆ ಇಳಿಸೋದು ಕಲೀಬೇಕಂತೆ ಮೇಡಂ. ಮೂರು ತಿಂಗಳಲ್ಲಿ ಬರ್ಲಿಲ್ಲ ಅಂದ್ರೆ ಬೇಡ ಅಂದಿದಾರೆ. ಸ್ವಲ್ಪ ಹೇಳ್ಕೊಡ್ತೀರಾ?’ ಅಂದಳು. ‘ನನಗೆ ಮರೆತುಹೋಗಿದೆ’ ಅಂದೆ. ಅವಳು ನಂಬಲಿಲ್ಲ. ‘ನನ್ನಿಂದ ಏನಾದ್ರೂ ತಪ್ಪಾಯ್ತಾ?’ ಅಂತ ಕೇಳಿದಳು. ನಾನು ಕಲಿಸಿದರೆ ನೂರ ಹದಿಮೂರನೆಯದು ಅವಳ ಕೈಯಿಂದ ಬರುತ್ತದೆ. ಕಲಿಸದಿದ್ದರೆ ಆ ಮನೆಯ ಒಲೆ ಆರುತ್ತದೆ. ಭಾನುವಾರ ಹೇಳುತ್ತೇನೆ ಅಂತ ಕಳಿಸಿದ್ದೇನೆ. ಏನು ಹೇಳಲಿ?

ಗುಬ್ಬಿ

ಜೂನ್ 13

ಗುಬ್ಬಿ,

ಇದನ್ನು ಹೆಚ್ಚು ಹಣ ಕೊಟ್ಟು ನಾಳೆಯೇ ತಲುಪುವಂತೆ ಕಳಿಸುತ್ತಿದ್ದೇನೆ. ಶನಿವಾರ ಸಂಜೆಯ ಗಾಡಿಗೆ ಹೊರಟು ಭಾನುವಾರ ಬೆಳಿಗ್ಗೆ ನಿನ್ನ ಬಾಗಿಲಲ್ಲಿರುತ್ತೇನೆ. ಅವಳನ್ನು ಕಚೇರಿಯಲ್ಲಿ ಬೇಡ, ಮನೆಗೆ ಕರೆ. ಮಕ್ಕಳನ್ನೂ ಕರೆತರಲಿ, ಡಾಕ್ಟರಮ್ಮ ಜೊತೆಗೆ ಬರುತ್ತಿದ್ದಾಳೆ, ನೋಡಿಕೊಳ್ಳುತ್ತಾಳೆ.

ಇಳಿಸುವುದನ್ನು ನೀನು ಪೂರ್ತಿ ಕಲಿಸು, ಏನನ್ನೂ ಮುಚ್ಚಿಡಬೇಡ. ಅವಳ ಅನ್ನ ಅದು. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಐದು ಪರೀಕ್ಷೆ ಹೇಗೆ ಮಾಡಬೇಕೆಂದು ನಿನಗೆ ಕಲಿಸಿದೆ, ಯಾಕೆಂದು ಒಂದು ದಿನವೂ ಹೇಳಲಿಲ್ಲ. ಹೇಳಿದರೆ ಆ ಹನ್ನೊಂದು ಕೋಟಿನ ಮಾತು ಬಂದೀತೆಂಬ ಹೆದರಿಕೆ. ಅವಳಿಗೆ ಅದನ್ನು ಹೇಳುತ್ತೇನೆ. ಆ ಸುಟ್ಟ ಹೆಂಗಸಿನ ಹೆಸರು, ಊರು, ನಾನು ಯಾವ ಬಾಗಿಲಿಂದ ಹಿಂತಿರುಗಿದೆ ಎಂಬುದು, ಎಲ್ಲವನ್ನೂ.

ಕೇಳಿದ ಮೇಲೂ ಅವಳು ಕತ್ತರಿಸಿದರೆ, ಕತ್ತರಿಸಲಿ. ಗೊತ್ತಿಲ್ಲದೆ ಮಾಡಿದೆ ಎಂದು ಮಾತ್ರ ಯಾರೂ ಹೇಳುವಂತಿರಬಾರದು.

ದೊಡ್ಡಮ್ಮ